ಗುರುವಿನ ಕೈಗೆ ಭಾರವಾಗದ ಕಾಣಿಕೆ

ಫಾಲ್ಗುಣ ಕಳೆದು ಚೈತ್ರ ಕಾಲಿಡುವ ಹೊತ್ತಿಗೆ ನಮ್ಮ ನಾಡಿನ ಶಾಲೆಗಳಲ್ಲಿ ಒಂದು ವರ್ಷದ ವಿದ್ಯಾಭ್ಯಾಸ ಮುಗಿಯುತ್ತ ಬರುತ್ತದೆ. ಮಾರ್ಚ್ ತಿಂಗಳಲ್ಲಿ ವಾರ್ಷಿಕ ಪರೀಕ್ಷೆಗಳು ನಡೆದು, ಏಪ್ರಿಲ್ ಎರಡನೆಯ ವಾರದ ಸುಮಾರಿಗೆ ಫಲಿತಾಂಶ ಪ್ರಕಟವಾಗಿ, ಮಕ್ಕಳು ಬೇಸಿಗೆಯ ರಜೆಗೆಂದು ಅಜ್ಜಿಯ ಊರಿನ ಬಸ್ಸು ಹತ್ತುತ್ತಾರೆ. ಈ ದಿನಗಳಲ್ಲಿ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ಅವ್ವಾ, ನಮ್ಮ ಟೀಚರಿಗೆ ಏನು ಕೊಡೋಣ?" ಮಗುವಿನ ಬಾಯಿಂದ ಬರುವ ಈ ಪ್ರಶ್ನೆ ಬಹಳ ಮುದ್ದಾದುದು. ಉಪಕಾರ ಪಡೆದವರು ಅದನ್ನು ನೆನೆಯಬೇಕೆಂಬ ಸಂಸ್ಕಾರ ಎಳೆಯ ಮನಸ್ಸಿನಲ್ಲಿ ಮೊಳೆಯುತ್ತಿದೆ ಎಂಬುದಕ್ಕೆ ಅದೇ ಗುರುತು. ಆದರೆ ಅದಕ್ಕೆ ಹಿರಿಯರಾದ ನಾವು ಕೊಡುವ ಉತ್ತರ ಕೆಲವೊಮ್ಮೆ ಆ ಮೊಳಕೆಯನ್ನೇ ಚಿವುಟಿಬಿಡುತ್ತದೆ. ಆದ್ದರಿಂದ ಗುರುವಿಗೆ ಏನು ಕೊಡಬೇಕು, ಯಾವಾಗ ಕೊಡಬೇಕು, ಹೇಗೆ ಕೊಡಬೇಕು ಎಂಬುದನ್ನು ಒಂದಿಷ್ಟು ವಿಚಾರ ಮಾಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಕೂಲಿ, ಮುಯ್ಯಿ, ಲಂಚ, ಕಾಣಿಕೆ

ಕೈಯಿಂದ ಕೈಗೆ ಹೋಗುವುದೆಲ್ಲವೂ ಕಾಣಿಕೆಯಲ್ಲ. ಮಾಡಿದ ಕೆಲಸಕ್ಕೆ ಸಲ್ಲುವುದು ಕೂಲಿ. ಮದುವೆ ಮುಂಜಿಗಳಲ್ಲಿ, ಅವರು ನಮಗೆ ಇಷ್ಟು ಮಾಡಿದರು, ನಾವೂ ಅವರಿಗೆ ಅಷ್ಟು ಮಾಡಬೇಕೆಂದು ಲೆಕ್ಕವಿಟ್ಟು ತಿರುಗಿಸುವುದು ಮುಯ್ಯಿ. ಮುಂದೆ ಆಗಬೇಕಾದ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲೇ ಕೊಡುವುದು ಲಂಚ. ಈ ಮೂರಕ್ಕೂ ಹೊರತಾಗಿ, ಏನನ್ನೂ ಬಯಸದೆ, ಸಂತೋಷ ತುಂಬಿ ಬಂದಾಗ ಕೊಡುವುದು ಮಾತ್ರ ಕಾಣಿಕೆ. ಕೊಟ್ಟೆನೆಂಬ ಭಾವ ಕೊಡುವವನಲ್ಲಿ ಉಳಿಯಬಾರದೆಂಬ ದಾಸೋಹದ ಅರ್ಥವನ್ನು ತಿಳಿದ ನಮ್ಮ ಮನೆಗಳಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಹಿಂದಿನ ಕಾಲದ ಮಾತು ಬೇರೆಯಾಗಿತ್ತು. ಸರಕಾರದ ಶಾಲೆಗಳು ಊರೂರಿಗೆ ಬರುವ ಮೊದಲು ಐಗಳ ಮಠ, ಕೂಲಿಮಠ, ಗಾವಠಿ ಶಾಲೆ ಎಂಬ ಹೆಸರುಗಳಿಂದ ನಡೆಯುತ್ತಿದ್ದ ಪಾಠಶಾಲೆಗಳಲ್ಲಿ ಅಕ್ಷರ ಕಲಿಸುತ್ತಿದ್ದ ಅಯ್ಯನವರಿಗೆ ಊರವರು ಕೊಡುವ ಕಾಳುಕಡಿಯೇ ಆಧಾರ. ಕರಾವಳಿಯಲ್ಲಿ ನವರಾತ್ರಿಯ ದಿನಗಳಂದು ಐಗಳು ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ ಹೂವಿನಕೋಲು ಹಾಡಿಸಿ, ಮನೆಯವರು ಕೊಟ್ಟದ್ದನ್ನು ಸ್ವೀಕರಿಸುವ ಪದ್ಧತಿಯಿತ್ತು. ಅದು ಹೆಸರಿಗೆ ಕಾಣಿಕೆಯಾದರೂ ಗುರುವಿನ ಮನೆಯ ಒಲೆ ಉರಿಯುವುದಕ್ಕೆ ಬೇಕಾದ ಸಂಭಾವನೆಯೇ ಆಗಿತ್ತು. ಅದನ್ನು ಕೊಡದಿರುವುದು ತಪ್ಪಾಗುತ್ತಿತ್ತು. ಇಂದು ಶಿಕ್ಷಕರಿಗೆ ಸರಕಾರವೋ ಸಂಸ್ಥೆಯೋ ಸಂಬಳ ಕೊಡುತ್ತದೆ. ಹೀಗಿರುವಾಗ ಪಾಲಕರು ಕೊಡುವುದಕ್ಕೆ ಕೂಲಿಯ ಸ್ಥಾನ ಇಲ್ಲ. ಅದು ಶುದ್ಧವಾದ ಕಾಣಿಕೆಯಾಗಿಯೇ ಉಳಿಯಬೇಕು. ಇಲ್ಲವಾದರೆ ಇನ್ನೊಂದು ಹೆಸರನ್ನು ಪಡೆಯುತ್ತದೆ.

ಮಗುವಿನ ಕಣ್ಣಿನಿಂದ ನೋಡಿದಾಗ

ನಲವತ್ತು ಮಕ್ಕಳ ಒಂದು ತರಗತಿಯನ್ನು ಕಲ್ಪಿಸಿಕೊಳ್ಳೋಣ. ವರ್ಷದ ಕೊನೆಯ ದಿನ ಒಬ್ಬ ಹುಡುಗ ಬಣ್ಣದ ಕಾಗದ ಸುತ್ತಿದ ದೊಡ್ಡ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಡುತ್ತಾನೆ. ಇನ್ನೊಬ್ಬಳು ರೇಷ್ಮೆ ಸೀರೆ ತರುತ್ತಾಳೆ. ಮತ್ತೊಬ್ಬ ಬೆಳ್ಳಿಯ ದೀಪ ತರುತ್ತಾನೆ. ಹಿಂದಿನ ಬೆಂಚಿನಲ್ಲಿ, ತಂದೆ ಹಮಾಲಿ ಮಾಡುವ ಹುಡುಗನೊಬ್ಬ ಖಾಲಿ ಕೈಯಲ್ಲಿ ಕುಳಿತಿರುತ್ತಾನೆ. ವರ್ಷವಿಡೀ ಶಿಕ್ಷಕಿಯ ಮಾತನ್ನು ಎಲ್ಲರಿಗಿಂತ ಕಿವಿಗೊಟ್ಟು ಕೇಳಿದವನು ಅವನೇ ಆಗಿರಬಹುದು. ಆದರೆ ಆ ದಿನ ಅವನು ಕಲಿಯುವ ಪಾಠವೆಂದರೆ, ಕೃತಜ್ಞತೆಗೂ ಹಣ ಬೇಕು ಎಂಬುದು. ಪೆಟ್ಟಿಗೆ ತಂದ ಹುಡುಗನು ಕಲಿಯುವ ಪಾಠ ಇದಕ್ಕಿಂತ ಒಳ್ಳೆಯದೇನಲ್ಲ. ದೊಡ್ಡದನ್ನು ಕೊಟ್ಟವನು ದೊಡ್ಡವನೆಂದು ಅವನು ತಿಳಿದುಕೊಳ್ಳುತ್ತಾನೆ. ಮುಂದೆ ಅವನಿಗೆ ಹೆಚ್ಚು ಅಂಕ ಬಂದರೂ, ತರಗತಿಯ ನಾಯಕತ್ವ ದೊರೆತರೂ, ಉಳಿದ ಮಕ್ಕಳು ಅದನ್ನು ಆ ಪೆಟ್ಟಿಗೆಯ ಖಾತೆಗೆ ಹಾಕುತ್ತಾರೆ. ನ್ಯಾಯವಾಗಿ ನಡೆದ ಶಿಕ್ಷಕಿಗೂ ಇದರಿಂದ ಕಳಂಕ ತಪ್ಪದು.

ಆದುದರಿಂದ ಕಾಣಿಕೆಯನ್ನು ಆರಿಸುವ ಮೊದಲು ತಾಯಿತಂದೆಗಳು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: "ನಾವು ಕೊಡುವ ಇದನ್ನು ತರಗತಿಯ ಪ್ರತಿಯೊಂದು ಮಗುವೂ ನಾಚದೆ ಕೊಡಬಲ್ಲುದೇ? ಶಿಕ್ಷಕರು ಎಲ್ಲರ ಎದುರಿನಲ್ಲಿ ಅಳುಕದೆ ಸ್ವೀಕರಿಸಬಲ್ಲರೇ?" ಎರಡಕ್ಕೂ ಹೌದೆಂಬ ಉತ್ತರ ಬಂದರೆ ಅದು ಯೋಗ್ಯವಾದ ಕಾಣಿಕೆ.

ನಿಯಮಗಳೂ ಇವೆ

ಸರಕಾರಿ ಶಾಲೆಯ ಶಿಕ್ಷಕರು ಸರಕಾರಿ ನೌಕರರು. 1966ರಿಂದ ಜಾರಿಯಲ್ಲಿದ್ದ ನಡತೆ ನಿಯಮಗಳ ಬದಲಾಗಿ ರಾಜ್ಯದಲ್ಲಿ 2021ರಲ್ಲಿ ಹೊಸ ಸಿವಿಲ್ ಸೇವಾ ನಡತೆ ನಿಯಮಗಳು ಬಂದಿವೆ. ತಮ್ಮ ಕೆಲಸದೊಡನೆ ಸಂಬಂಧವಿರುವವರಿಂದ ನೌಕರರು ಬೆಲೆಬಾಳುವ ಉಡುಗೊರೆ ಪಡೆಯುವುದಕ್ಕೆ ಇಂಥ ನಿಯಮಗಳು ಕಡಿವಾಣ ಹಾಕುತ್ತವೆ. ಅನೇಕ ಖಾಸಗಿ ಶಾಲೆಗಳೂ ತಮ್ಮದೇ ಕಟ್ಟಳೆ ಮಾಡಿಕೊಂಡಿರುತ್ತವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಮು ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನೇ ನಿಷೇಧಿಸಿದೆ. ತಮ್ಮ ಬಳಿ ಕಲಿಯುವ ಮಕ್ಕಳ ಮನೆಯಿಂದ ಶಿಕ್ಷಕರಿಗೆ ಬೇರೆ ಆದಾಯ ಬರಬಾರದೆಂಬ ಎಚ್ಚರಿಕೆ ಇದರ ಹಿಂದಿದೆ. ಲಕೋಟೆಯಲ್ಲಿಟ್ಟ ನೋಟು, ಬೆಳ್ಳಿ ಬಂಗಾರ, ಅಂಗಡಿಯ ಕೂಪನ್ನು ಮುಂತಾದವು ಎಷ್ಟೇ ಪ್ರೀತಿಯಿಂದ ಕೊಟ್ಟರೂ ಶಿಕ್ಷಕರನ್ನು ಇಕ್ಕಟ್ಟಿಗೆ ಸಿಲುಕಿಸುತ್ತವೆ. ಬೇಡವೆಂದರೆ ಪಾಲಕರಿಗೆ ಬೇಸರ, ತೆಗೆದುಕೊಂಡರೆ ತಮ್ಮ ಮನಸ್ಸಿಗೆ ಇರಿಸುಮುರಿಸು. ನಾವು ಗೌರವಿಸುವವರನ್ನು ಇಂಥ ಸಂಕಟಕ್ಕೆ ಗುರಿಪಡಿಸುವುದು ಸಲ್ಲದು.

ಕೊಡುವ ಸಮಯವೂ ಮುಖ್ಯ. ಎಸ್ಸೆಸ್ಸೆಲ್ಸಿಯಲ್ಲಿ 100 ಅಂಕದ ವಿಷಯವೊಂದಕ್ಕೆ 20 ಅಂಕ ಶಾಲೆಯೊಳಗಿನ ಮೌಲ್ಯಮಾಪನದಿಂದಲೇ ಬರುತ್ತದೆ. ಕೆಳಗಿನ ತರಗತಿಗಳಲ್ಲಿ ಇಡೀ ಫಲಿತಾಂಶವೇ ಸಾಮಾನ್ಯವಾಗಿ ತರಗತಿಯ ಶಿಕ್ಷಕರ ಕೈಯಲ್ಲಿರುತ್ತದೆ. ಫೆಬ್ರವರಿಯ ಬೀಳ್ಕೊಡುಗೆ ಸಮಾರಂಭದಲ್ಲಿ ಒಬ್ಬೊಬ್ಬರೇ ಹೋಗಿ ಶಿಕ್ಷಕರ ಕೈಗೆ ಪೊಟ್ಟಣವಿಡುವ ರೂಢಿ ಈ ಕಾರಣದಿಂದಲೇ ಒಳ್ಳೆಯದಲ್ಲ. ಬೀಳ್ಕೊಡುಗೆಯಂದು ಮಕ್ಕಳು ಮಾತನಾಡಲಿ, ಹಾಡಲಿ, ನಮಸ್ಕರಿಸಲಿ. ಕಾಣಿಕೆ ಕೊಡುವುದಾದರೆ ಫಲಿತಾಂಶ ಬಂದ ಮೇಲೆ ಕೊಡಲಿ. ಆಗ ಕೊಡುವವರಿಗೂ ಪಡೆಯುವವರಿಗೂ ಬೇರೆ ಯಾವ ಲೆಕ್ಕವೂ ಉಳಿದಿರುವುದಿಲ್ಲ.

ಹೂವಿನ ಬಂಡಿ, ಕಾವ್ಯದ ಅರ್ಪಣೆ

ಗುರುವಿಗೆ ಸಂದ ದೊಡ್ಡ ಕಾಣಿಕೆಗಳನ್ನು ನೆನೆದರೆ ಅವುಗಳಲ್ಲಿ ಹಣದ ಮಾತು ಬಹಳ ಕಡಿಮೆ. ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು 1918ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅವರು ಕಲಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟಾಗ ವಿದ್ಯಾರ್ಥಿಗಳು ಬಂಡಿಯನ್ನು ಹೂವಿನಿಂದ ಸಿಂಗರಿಸಿ, ಗುರುಗಳನ್ನು ಅದರಲ್ಲಿ ಕೂರಿಸಿ, ಕುದುರೆ ಕಟ್ಟದೆ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಅವರು ರಾಷ್ಟ್ರಪತಿಗಳಾದ 1962ರಿಂದ ಅವರ ಜನ್ಮದಿನವಾದ ಸೆಪ್ಟೆಂಬರ್ 5 ಶಿಕ್ಷಕರ ದಿನಾಚರಣೆಯಾಗಿ ನಡೆದುಬಂದಿದೆ. ಆದರೆ ಅದಕ್ಕೂ 41 ವರ್ಷ ಮೊದಲೇ ಮೈಸೂರಿನ ಹುಡುಗರು ತಮ್ಮ ಗುರುವಿಗೆ ಒಂದು ದಿನಾಚರಣೆ ಮಾಡಿದ್ದರು. ಅವರು ಕೊಟ್ಟದ್ದು ಹೂವು ಮತ್ತು ತೋಳಿನ ಬಲ, ಅಷ್ಟೇ.

ಕುವೆಂಪು ಅವರು ತಮ್ಮ ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ಅರ್ಪಿಸಿದ್ದು ತಮ್ಮ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರು 1939ರಲ್ಲಿಯೇ ತೀರಿಕೊಂಡಿದ್ದರು. ಕಾವ್ಯವು ಪ್ರಕಟವಾದದ್ದು 1949ರಲ್ಲಿ. ಗುರು ಕಣ್ಮರೆಯಾಗಿ ಹತ್ತು ವರ್ಷ ಕಳೆದ ಮೇಲೂ ಶಿಷ್ಯನು ತನ್ನ ಬಾಳಿನ ಹಿರಿಯ ಕೃತಿಯನ್ನು ಅವರ ಹೆಸರಿಗೆ ಸಲ್ಲಿಸಿದನು. ಎಲ್ಲ ಮಕ್ಕಳೂ ಮಹಾಕಾವ್ಯ ಬರೆಯಲಾರರು. ಆದರೆ "ಇದು ನಿಮ್ಮಿಂದ ನನಗೆ ಬಂತು" ಎಂದು ಹೇಳುವುದನ್ನು ಎಲ್ಲ ಮಕ್ಕಳೂ ಕಲಿಯಬಲ್ಲರು.

ಮೊದಲ ಕಾಣಿಕೆ: ಮಗುವಿನ ಕೈಬರಹ

ಈ ಮಾತನ್ನು ಹೇಳುವ ಅತ್ಯಂತ ಸುಲಭವಾದ ದಾರಿ ಒಂದು ಪತ್ರ. ಅಂಗಡಿಯಿಂದ ತಂದ ಅಚ್ಚಾದ ಕಾರ್ಡಿಗಿಂತ, ಗೆರೆ ಹಾಕಿದ ಹಾಳೆಯ ಮೇಲೆ ಮಗುವೇ ಬರೆದ ಹತ್ತು ಸಾಲು ಹೆಚ್ಚು ಬೆಲೆಯುಳ್ಳದ್ದು. ತಾಯಿತಂದೆಗಳು ಬರೆಯಿಸಬಾರದು, ನೆನಪಿಸಿದರೆ ಸಾಕು. ಮಗುವಿಗೆ ಮೂರು ಪ್ರಶ್ನೆ ಕೇಳಬಹುದು. ಈ ವರ್ಷ ಮೊದಲು ಬಾರದಿದ್ದ ಯಾವುದು ಈಗ ನಿನಗೆ ಬರುತ್ತದೆ? ಟೀಚರು ಯಾವ ದಿನ ನಿನಗೆ ಬಹಳ ಇಷ್ಟವಾದರು? ಮುಂದಿನ ವರ್ಷ ಅವರ ಯಾವ ಮಾತನ್ನು ನೆನಪಿಟ್ಟುಕೊಳ್ಳುವೆ? ಆಗ "ನೀವು ತುಂಬಾ ಒಳ್ಳೆಯವರು" ಎಂಬ ಒಣ ಮಾತಿನ ಬದಲಾಗಿ, "ಭಾಗಾಕಾರ ಬಾರದೆ ನಾನು ಅತ್ತ ದಿನ ನೀವು ಬೋರ್ಡಿಗೆ ಕರೆಯದೆ ನನ್ನ ಪಕ್ಕದಲ್ಲಿಯೇ ಕುಳಿತು ಹೇಳಿಕೊಟ್ಟಿರಿ" ಎಂಬಂಥ ಮಾತು ಬರುತ್ತದೆ. ಕಾಗುಣಿತ ತಪ್ಪಿದ್ದರೂ ಇರಲಿ. ಅದನ್ನು ತಿದ್ದುವ ಹಕ್ಕು ಟೀಚರದು. ಇನ್ನೂ ಬರೆಯಲು ಬಾರದ ಮಗು ಚಿತ್ರ ಬಿಡಿಸಲಿ. ಇಂಥ ಪತ್ರಗಳನ್ನು ನಿವೃತ್ತಿಯಾದ ಮೇಲೂ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟುಕೊಂಡ ಶಿಕ್ಷಕರಿದ್ದಾರೆ.

ಪಾಲಕರೂ ಒಂದು ಪತ್ರ ಬರೆಯಬಹುದು. ಶಿಕ್ಷಕರ ಹೆಸರಿನಲ್ಲಿ ಮುಖ್ಯೋಪಾಧ್ಯಾಯರಿಗೆ ಬರೆದು, ಇಂಥ ಕೆಲಸದಿಂದ ನಮ್ಮ ಮಗುವಿಗೆ ಇಂಥ ಉಪಕಾರವಾಯಿತೆಂದು ತಿಳಿಸಿದರೆ ಅದು ಮೇಲಿನವರ ಕಣ್ಣಿಗೂ ಬೀಳುತ್ತದೆ. ದೂರು ಬರೆಯುವುದಕ್ಕೆ ನಮಗೆಲ್ಲ ಕೈ ಬೇಗ ಏಳುತ್ತದೆ; ಮೆಚ್ಚಿ ಬರೆಯುವುದಕ್ಕೂ ಏಳಲಿ.

ಎರಡನೆಯದು: ಎಲ್ಲರೂ ಕೂಡಿ ಒಂದು

ವಸ್ತುವನ್ನೇ ಕೊಡಬೇಕೆಂಬ ಆಸೆಯಿದ್ದರೆ ತರಗತಿಯ ಎಲ್ಲರೂ ಸೇರಿ ಒಂದನ್ನೇ ಕೊಡುವುದು ಉತ್ತಮ. ನಲವತ್ತು ಮನೆಗಳಿಂದ ಇಪ್ಪತ್ತು ರೂಪಾಯಿಯಂತೆ ಕೂಡಿದರೂ 800 ರೂಪಾಯಿಯಾಗುತ್ತದೆ. ಆದರೆ ಇದಕ್ಕೆ ಕೆಲವು ಕಟ್ಟುಪಾಡು ಬೇಕು. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಇರಬಾರದು. ಮುಚ್ಚಿದ ಡಬ್ಬಿಯೊಂದನ್ನಿಟ್ಟು, ಕೊಡಬಲ್ಲವರು ಅದರಲ್ಲಿ ಹಾಕಲಿ. ಒಂದು ಮನೆಯವರು ಏನೂ ಹಾಕದಿದ್ದರೂ ಆ ಮಗುವಿನ ಹೆಸರು ಉಳಿದವರ ಹೆಸರಿನ ನಡುವೆ ಇರಲೇಬೇಕು. ಅನುಕೂಲವಂತರು ತಮ್ಮದೆಂದು ಬೇರೆಯಾಗಿ ಇನ್ನೊಂದನ್ನು ಕೊಡಬಾರದು.

ಹೀಗೆ ಕೂಡಿದ ಹಣದಿಂದ ಏನು ಕೊಳ್ಳಬೇಕು? ಗಡಿಯಾರ, ಗಾಜಿನ ಫಲಕ, ಜರಿಯ ಶಾಲು ಇವೆಲ್ಲ ಶಿಕ್ಷಕರ ಮನೆಯಲ್ಲಿ ಈಗಾಗಲೇ ರಾಶಿ ಬಿದ್ದಿರುತ್ತವೆ. ಪುಸ್ತಕ ಬಹಳ ಒಳ್ಳೆಯ ಆಯ್ಕೆ. ಪಾಠ ಹೇಳುವವರು ಓದಿ ಸಂತೋಷಪಡುವಂಥ ಪುಸ್ತಕಗಳು ಕನ್ನಡದಲ್ಲಿ ಸಾಕಷ್ಟಿವೆ. ಗಿಜುಭಾಯಿ ಬಧೇಕಾ ಅವರ ಹಗಲುಗನಸು, ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಶಾಲೆಯನ್ನೂ ಮುಖ್ಯೋಪಾಧ್ಯಾಯರನ್ನೂ ನೆನೆದು ಬರೆದ ತೊತ್ತೊ-ಚಾನ್ ಇವೆರಡೂ ಕನ್ನಡಕ್ಕೆ ಬಂದಿವೆ. ಕನ್ನಡ ಕಲಿಸುವವರಿಗೆ ಜಿ. ವೆಂಕಟಸುಬ್ಬಯ್ಯನವರ ಇಗೋ ಕನ್ನಡ ಕೈಗೆ ಸಿಗುವಂತೆ ಇಟ್ಟುಕೊಳ್ಳುವ ಗ್ರಂಥ. ಪುಸ್ತಕದ ಮೊದಲ ಪುಟದಲ್ಲಿ ಎಲ್ಲ ಮಕ್ಕಳ ಸಹಿಯಿದ್ದರೆ ಅದರ ಬೆಲೆ ಇಮ್ಮಡಿಯಾಗುತ್ತದೆ.

ಬಟ್ಟೆ ಕೊಡುವುದಾದರೆ ನಮ್ಮ ನೇಕಾರರ ಕೈಯದು ಕೊಡೋಣ. ಗುಳೇದಗುಡ್ಡದ ಖಣ ಶಿಕ್ಷಕಿಯರಿಗೆ ಒಪ್ಪುವಂಥದು. ರಾಷ್ಟ್ರಧ್ವಜದ ತಯಾರಿಕೆಗೆ ಹೆಸರಾದ ಹುಬ್ಬಳ್ಳಿಯ ಬೆಂಗೇರಿಯಂಥ ಖಾದಿ ಕೇಂದ್ರಗಳಲ್ಲಿ ದೊರೆಯುವ ಟವೆಲು, ಕರವಸ್ತ್ರಗಳು ಗುರುಗಳಿಗೆ ನಿತ್ಯವೂ ಉಪಯೋಗಕ್ಕೆ ಬರುತ್ತವೆ.

ತಿಂಡಿಯ ವಿಷಯದಲ್ಲಿ ತಾಯಂದಿರಿಗೆ ನಾವು ಹೇಳಿಕೊಡಬೇಕಾದುದಿಲ್ಲ. ಆದರೂ ಒಂದು ಸೂಚನೆ. ಎಲ್ಲರೂ ಪೇಡೆಯನ್ನೋ ಕರದಂಟನ್ನೋ ಒಯ್ದರೆ ಸಕ್ಕರೆ ಕಾಯಿಲೆಯಿರುವ ಶಿಕ್ಷಕರು ಅದನ್ನು ಹಂಚುವುದರಲ್ಲಿಯೇ ದಣಿಯುತ್ತಾರೆ. ಮನೆಯಲ್ಲಿ ಕುಟ್ಟಿದ ಶೇಂಗಾ ಚಟ್ನಿಪುಡಿ ಅಥವಾ ಗುರೆಳ್ಳಿನ ಪುಡಿ ಬಹುದಿನ ಕೆಡದೆ ಇರುತ್ತದೆ, ರೊಟ್ಟಿಯ ಜೊತೆ ಪ್ರತಿದಿನ ಆ ಮನೆಯನ್ನು ನೆನಪಿಸುತ್ತದೆ. ಇನ್ನು ಗಿಡದ ಕುಂಡ ಕೊಡುವವರು ಏಪ್ರಿಲ್ಲಿನ ಬಿಸಿಲನ್ನು ಮರೆಯಬಾರದು. ಗುರುಗಳು ರಜೆಗೆಂದು ಊರಿಗೆ ಹೋದರೆ ನೀರು ಹಾಕುವವರಿಲ್ಲದೆ ಗಿಡ ಒಣಗುತ್ತದೆ. ಜೂನಿನಲ್ಲಿ ಮಳೆ ಬಿದ್ದ ಮೇಲೆ ಅವರ ಹೆಸರಿನಲ್ಲಿ ಶಾಲೆಯ ಅಂಗಳದಲ್ಲಿಯೇ ಒಂದು ಸಸಿ ನೆಡುವುದು ಲೇಸು.

ಮೂರನೆಯದು: ತರಗತಿಗೆ ಬೇಕಾದುದು

ಅನೇಕ ಶಿಕ್ಷಕರು ಚಾರ್ಟು, ಬಣ್ಣ, ಅಂಟು, ಬಹುಮಾನದ ಪೆನ್ಸಿಲು ಮುಂತಾದವಕ್ಕೆ ತಮ್ಮ ಜೇಬಿನಿಂದಲೇ ಖರ್ಚು ಮಾಡುತ್ತಾರೆ. "ಮುಂದಿನ ವರ್ಷಕ್ಕೆ ನಿಮ್ಮ ತರಗತಿಗೆ ಏನು ಬೇಕಾಗಿದೆ, ಗುರುಗಳೇ?" ಎಂದು ಕೇಳುವುದೇ ಒಂದು ಗೌರವ. ಗೋಡೆಯ ಮೇಲಿನ ಕರ್ನಾಟಕದ ನಕಾಶೆ ಹಳೆಯದಾಗಿರಬಹುದು; 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ನಮ್ಮ ಜಿಲ್ಲೆಗಳು 31. ಒಂದು ಹೊಸ ನಕಾಶೆ, ಒಂದು ಗೋಲ, ವಾಚನಾಲಯದ ಮೂಲೆಗೆ ಹತ್ತು ಕತೆಪುಸ್ತಕ ಕೊಟ್ಟರೆ ಶಿಕ್ಷಕರ ಕೆಲಸ ಹಗುರಾಗುತ್ತದೆ, ಹಿಂದೆ ಬರುವ ಮಕ್ಕಳಿಗೂ ಉಪಯೋಗವಾಗುತ್ತದೆ. ಮುಖ್ಯೋಪಾಧ್ಯಾಯರ ಮತ್ತು ಶಾಲಾಭಿವೃದ್ಧಿ ಸಮಿತಿಯ ಮೂಲಕ ಕೊಟ್ಟು, ಶಾಲೆಯ ದಾಸ್ತಾನು ಪುಸ್ತಕದಲ್ಲಿ ಬರೆಯಿಸಿದರೆ ಯಾವ ಆಕ್ಷೇಪಕ್ಕೂ ಎಡೆಯಿರುವುದಿಲ್ಲ. ಕೊಟ್ಟವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಕೆತ್ತಿಸುವ ಚಪಲ ಮಾತ್ರ ಬೇಡ.

ಉಡಿ ತುಂಬುವಾಗ ಒಂದು ಎಚ್ಚರ

ನಮ್ಮ ಕಡೆ ಶಿಕ್ಷಕಿಯರನ್ನು ಮನೆಗೆ ಕರೆದು ಅರಿಸಿನ ಕುಂಕುಮ ಕೊಟ್ಟು ಉಡಿ ತುಂಬುವ ವಾಡಿಕೆಯಿದೆ. ಪ್ರೀತಿಯ ವಾಡಿಕೆಯೇ ಸರಿ. ಆದರೆ ಪತಿಯನ್ನು ಕಳೆದುಕೊಂಡ ಶಿಕ್ಷಕಿಯೊಬ್ಬರನ್ನು ಬಿಟ್ಟು ಉಳಿದವರಿಗೆ ಉಡಿ ತುಂಬುವುದು ಅಕ್ಷರ ಕಲಿಸಿದ ತಾಯಿಗೆ ಮಾಡುವ ಅವಮಾನ. ಶರಣರ ಹೆಸರು ಹೇಳುವ ಮನೆಗಳಲ್ಲಿ ಇಂಥ ಭೇದಕ್ಕೆ ತಾಣವಿರಬಾರದು. ಕರೆದರೆ ಎಲ್ಲರನ್ನೂ ಕರೆಯಬೇಕು, ಕೊಟ್ಟರೆ ಎಲ್ಲರಿಗೂ ಒಂದೇ ಸಮನಾಗಿ ಕೊಡಬೇಕು. ಹಾಗೆಯೇ ಗುರುಗಳು ಬೇರೆ ಮತದವರಾಗಿದ್ದರೆ ನಮ್ಮ ಪೂಜೆಯ ವಸ್ತುಗಳನ್ನು ಅವರಿಗೆ ಕೊಟ್ಟು ಮುಜುಗರಪಡಿಸದೆ, ಅವರಿಗೆ ಒಪ್ಪುವಂಥದನ್ನು ಕೊಡುವುದು ಸೌಜನ್ಯ.

ನಾವು ಮರೆಯುವವರು

ಕಾಣಿಕೆಗಳು ಹರಿದು ಹೋಗುವುದು ಹೆಚ್ಚಾಗಿ ತರಗತಿಯ ಶಿಕ್ಷಕರ ಕಡೆಗೇ. ಸರಕಾರಿ ಶಾಲೆಗಳಲ್ಲಿ ಖಾಲಿ ಹುದ್ದೆಗಳ ಜಾಗದಲ್ಲಿ ದುಡಿಯುವ ಅತಿಥಿ ಶಿಕ್ಷಕರು ನಮ್ಮ ಲಕ್ಷ್ಯಕ್ಕೆ ಬರುವುದು ಕಡಿಮೆ. ಶೈಕ್ಷಣಿಕ ವರ್ಷ ಮುಗಿದೊಡನೆ ಅವರ ಸೇವೆಯೂ ಮುಗಿಯುತ್ತದೆ. ರಜೆಯ ತಿಂಗಳುಗಳಲ್ಲಿ ಅವರಿಗೆ ಗೌರವಧನವಿಲ್ಲ, ಜೂನಿನಲ್ಲಿ ಅದೇ ಶಾಲೆಗೆ ಮರಳುವ ಭರವಸೆಯೂ ಇಲ್ಲ. ಅಂಥವರಿಗೆ ಒಂದು ಬೀಳ್ಕೊಡುಗೆಯ ಮಾತೂ ಇಲ್ಲದೆ ಹೋಗಗೊಡುವುದು ನೋವಿನ ಸಂಗತಿ. ಮಕ್ಕಳ ಪತ್ರಗಳಲ್ಲಿ ಮೊದಲನೆಯದು ಅವರಿಗೇ ಹೋಗಲಿ.

ಅಂಗನವಾಡಿಯ ಕಾರ್ಯಕರ್ತೆ, ಶಾಲೆಯ ಆಯಾ, ವಾಹನದ ಚಾಲಕ ಇವರೂ ಮಗುವನ್ನು ವರ್ಷವಿಡೀ ಕಾಯ್ದವರೇ. ಬಿಸಿಯೂಟದ ಅಡುಗೆಯವರನ್ನಂತೂ ಮರೆಯಲೇಬಾರದು. 2002ರಲ್ಲಿ ರಾಜ್ಯದಲ್ಲಿ ಆರಂಭವಾದ ಆ ಯೋಜನೆಗೆ ಅಕ್ಷರ ದಾಸೋಹವೆಂಬ ಹೆಸರಿದೆ. ಸೌದೆಯಾಗಲಿ ಗ್ಯಾಸಾಗಲಿ, ಒಲೆಯ ಮುಂದೆ ನಿಂತು ಆ ಹೆಸರನ್ನು ನಿಜ ಮಾಡುವವರು ಆ ತಾಯಂದಿರು. ಮಕ್ಕಳು ಅವರ ಬಳಿ ಹೋಗಿ, "ಅಮ್ಮಾ, ನಿಮ್ಮ ಸಾರು ಚೆನ್ನಾಗಿತ್ತು" ಎಂದು ಹೇಳಿ ನಮಸ್ಕರಿಸಿದರೆ ಅದಕ್ಕೆ ಕಾಸಿನ ಖರ್ಚಿಲ್ಲ.

ಇನ್ನೂ ಒಂದು ಮಾತು ಪಾಲಕರಿಗೆ ಸಂಬಂಧಿಸಿದ್ದು. ಮಕ್ಕಳಿಗೆ ಗುರುವಂದನೆ ಕಲಿಸುವ ನಾವು ನಮ್ಮ ಗುರುಗಳನ್ನು ಕಡೆಯದಾಗಿ ಕಂಡದ್ದು ಯಾವಾಗ? ಈ ಬೇಸಿಗೆಯಲ್ಲಿ ಊರಿಗೆ ಹೋದಾಗ, ನಿವೃತ್ತರಾಗಿ ಮನೆಯಲ್ಲಿರುವ ಹಳೆಯ ಮಾಸ್ತರರ ಕಟ್ಟೆಯ ಮೇಲೆ ಮಕ್ಕಳ ಜೊತೆಗೆ ಅರ್ಧ ತಾಸು ಕುಳಿತು ಬರೋಣ. ತಂದೆಯ ತಲೆ ಗುರುವಿನ ಮುಂದೆ ಬಾಗುವುದನ್ನು ಕಂಡ ಮಗುವಿಗೆ ಬೇರೆ ಉಪದೇಶ ಬೇಡ. ಮುಂದಿನ ವರ್ಷ ಟೀಚರಿಗೆ ಏನು ಕೊಡಬೇಕೆಂಬ ಪ್ರಶ್ನೆಗೆ ಉತ್ತರವನ್ನು ಅದು ತಾನೇ ಕಂಡುಕೊಳ್ಳುತ್ತದೆ.